ಬೆನ್ನು ಹೇಳಿದ ವಂಶಾವಳಿ

ಒಬ್ಬ ಮನುಷ್ಯನನ್ನು ಕುಲದ ಯಜಮಾನನಾಗಿ ಕೂರಿಸುವುದು ಅಗ್ಗದ ಕೆಲಸವಲ್ಲ. ಎರಡು ಹೋರಿ, ಆರು ಹಂದಿ, ಹೆಂಗಸರು ವರ್ಷವಿಡೀ ಹೆಣೆದ ಚಾಪೆಗಳು, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ, ಕಿಲೋಗೆ ತೊಂಬತ್ತು ಡಾಲರಿನ ಯಂಗೋನ ಬೇರು ಒಂದು ಮೂಟೆ. ಕೆಸುವಿನ ಗಡ್ಡೆ ಎಷ್ಟು ಬಂತೆಂದು ಅಳೆದವರಿಲ್ಲ. ಇವೆಲ್ಲದರ ಮೇಲೆ ಒಂದು ತಿಮಿಂಗಿಲದ ಹಲ್ಲು. ಅದಕ್ಕೆ ಯಾವ ಅಂಗಡಿಯಲ್ಲೂ ಬೆಲೆಯಿಲ್ಲ, ಹಾಗಾಗಿ ಅದೇ ಎಲ್ಲಕ್ಕಿಂತ ದುಬಾರಿ. ಇಷ್ಟು ಖರ್ಚಾದ ಮೇಲೆ ಒಂದು ಸೋಮವಾರ ಅಮಿನಿಯಾಸಿಯ ಕೈಗೆ ಯಂಗೋನ ತುಂಬಿದ ತೆಂಗಿನ ಚಿಪ್ಪು ಬಂತು. ಅವನು ಒಂದೇ ಉಸಿರಿಗೆ ಕುಡಿದ. ಜನ ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರು. ಅಂದು ಸಂಜೆಯೇ ತುಟಿ ತುರಿಸಲು ಶುರುವಾಯಿತು. ಮಂಗಳವಾರ ಬೆಳಿಗ್ಗೆ ಅವನ ತುಟಿ ಬದನೆಕಾಯಿಯಂತೆ ಊದಿತ್ತು, ಕಣ್ಣು ಮುಚ್ಚಿಹೋಗಿದ್ದವು, ಬಾಯಿಯ ಸುತ್ತ ನೀರುಗುಳ್ಳೆ ಎದ್ದಿದ್ದವು.

ಹಕ್ಕಿಲ್ಲದವನು ಆ ಚಿಪ್ಪಿನಿಂದ ಕುಡಿದರೆ ಭೂಮಿ ಸುಮ್ಮನಿರುವುದಿಲ್ಲ, ಕುಡಿದವನ ಮೈಯಲ್ಲೇ ಉತ್ತರ ಕೊಡುತ್ತದೆ ಎಂಬುದು ಆ ಹಳ್ಳಿಯ ಮಕ್ಕಳಿಗೂ ಗೊತ್ತು. ಅಮಿನಿಯಾಸಿಯ ಅಪ್ಪ ಎರಡನೆಯ ಮಗ. ಹಿರಿಯನ ಮಗ ಸೈಮೋನೆ, ವಯಸ್ಸಿನಲ್ಲಿ ಇವನಿಗಿಂತ ಕಿರಿಯ, ಬದುಕಿದ್ದಾನೆ. ತನಗೆ ಆ ಪಟ್ಟ ಬೇಡವೆಂದು ಅವನೇ ಹೇಳಿದ್ದರಿಂದ ಇವನಿಗೆ ಬಂದಿತ್ತು.

ಸೈಮೋನೆ ಒಂದು ಮೀನು ಹಿಡಿದುಕೊಂಡು ನೋಡಲು ಬಂದ. "ಅಣ್ಣಾ, ನಂಗೆ ಬೇಡ ಅಂದಿದ್ದು ನಿಜ. ಈಗ್ಲೂ ಬೇಡ. ಆದ್ರೆ..." ಎಂದು ನಿಲ್ಲಿಸಿ, ಮೀನನ್ನು ಇಟ್ಟು ಹೋದ. ಆ 'ಆದ್ರೆ' ಮನೆಯಲ್ಲೇ ಉಳಿಯಿತು.

"ಬಿಟ್ಟುಕೊಡ್ತೀನಿ ಉಲಾ," ಎಂದ ಅಮಿನಿಯಾಸಿ ಹೆಂಡತಿಗೆ. "ಭೂಮಿ ನನ್ನನ್ನ ಒಪ್ಪಲಿಲ್ಲ."

ಉಲಾಮಿಲ ಲಂಬಾಸಾ ಪಟ್ಟಣದ ಸಂತೆಯಲ್ಲಿ ಏಡಿ ಮಾರುವವಳು. ಏಡಿ ಹೊರಗಿನಿಂದ ಚೆನ್ನಾಗಿ ಕಂಡರೂ ತೂಕ ನೋಡದೆ ನಂಬುವವಳಲ್ಲ. ನಾಲ್ಕು ಜನರೆದುರು ಅವಳು ಗಂಡನಿಗೆ 'ನೀವು' ಎನ್ನುವುದನ್ನು ಆ ವಾರವಷ್ಟೇ ರೂಢಿಮಾಡಿಕೊಂಡಿದ್ದಳು, ಒಲೆಯ ಪಕ್ಕದಲ್ಲಿ ಹಳೆಯದೇ.

"ಭೂಮಿ ನಿನ್ನ ಕಿವೀಲಿ ಬಂದು ಹೇಳ್ತಾ? ಮೊದಲು ಆ ತುಟಿ ಕೆರೆಯೋದು ನಿಲ್ಸು."

"ನಗಬೇಡ. ನಂಗೆ ಭಯ ಆಗ್ತಿದೆ."

ಅವಳಿಗೂ ಭಯವಾಗಿತ್ತು. ನಗುತ್ತಿದ್ದುದೂ ಅದಕ್ಕೇ.

ಕುಲದ ವಂಶಾವಳಿಯನ್ನೆಲ್ಲ ಬಾಯಲ್ಲಿ ಇಟ್ಟುಕೊಂಡಿದ್ದವಳು ಅಮಿನಿಯಾಸಿಯ ಸೋದರತ್ತೆ ಅಸೆನಾದಾ. ಎಂಬತ್ತು ದಾಟಿದ ಅವಳ ಮಾತಿಗೆ ಎದುರಾಡುವವರಿರಲಿಲ್ಲ. "ಮುಖ ಇಳೀಲಿ," ಎಂದಳು. "ಮುಂದಿನ ತಿಂಗಳು ಎಲ್ಲಾ ಸೇರೋಣ. ಇಟ್ಕೊಳ್ಳೋದೋ ಬಿಡೋದೋ ಅವತ್ತು ಅವನೇ ಹೇಳ್ಲಿ." ಅವನು ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

ಮುಖ ಇಳಿಯಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಲಂಬಾಸಾದ ಆಸ್ಪತ್ರೆಗೆ ಚರ್ಮದ ಡಾಕ್ಟರು ಬಂದಿದ್ದಾಳೆ, ಆಗ್ನೇಯದ ದ್ವೀಪಗಳ ಕಡೆಯವಳು ಎಂಬ ಸುದ್ದಿ ಉಲಾಮಿಲಳಿಗೆ ಸಂತೆಯಲ್ಲಿ ಸಿಕ್ಕಿತು. ಅವಳು ಕೈಯಲ್ಲಿದ್ದ ಏಡಿ ಕೆಳಗಿಟ್ಟು ಕೇಳಿಸಿಕೊಂಡಳು. ಆ ದ್ವೀಪದವರು ತಮಗೆ ತೌವೂ. ಎರಡೂ ಊರಿಗೆ ಮೂಲಪುರುಷ ಒಬ್ಬನೇ. ತೌವೂಗಳು ಎದುರಾದರೆ ಬಾಯಿಗೆ ಬಂದಂತೆ ಬೈಯಬಹುದು, ಒಬ್ಬರದ್ದನ್ನೊಬ್ಬರು ಕೇಳದೆ ಎತ್ತಿಕೊಂಡು ಹೋಗಬಹುದು, ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಯಜಮಾನನನ್ನಾದರೂ ಸರಿ.

ಡಾಕ್ಟರ್ ಕೆಲೆರಾ ಆ ಹಕ್ಕನ್ನು ಬಾಗಿಲಲ್ಲೇ ಬಳಸಿದಳು.

"ಓಹೋ, ಇವನೇನಾ ಹೊಸ ಯಜಮಾನ? ಹಂದಿ ಮೂತಿ ಅಂತ ಹೇಳಿದ್ರು. ಪಾಪ ಹಂದಿ." ಮಾತಾಡುತ್ತಲೇ ಉಲಾಮಿಲಳ ಕೈಯ ಏಡಿ ಬುಟ್ಟಿ ಎಳೆದುಕೊಂಡು ಮೇಜಿನ ಕೆಳಗೆ ಇಟ್ಟಳು.

"ತಗೊಳಮ್ಮ, ತಗೋ," ಎಂದಳು ಉಲಾಮಿಲ. "ನಿಮ್ಮೂರವರ ಮುಖ ನೋಡಿ ಏಡಿಗಳೆಲ್ಲ ಈ ಕಡೆ ಈಜಿ ಬಂದ್ವಂತೆ."

ತಿಂಗಳಲ್ಲಿ ಮೊದಲ ಸಲ ಅಮಿನಿಯಾಸಿ ನಕ್ಕ. ಒಣಗಿದ ತುಟಿ ಬಿರಿಯಿತು.

ನಕ್ಕು ಮುಗಿದ ಮೇಲೆ ಡಾಕ್ಟರು ಬೇರೆಯೇ ಮನುಷ್ಯಳಾದಳು. ಉಸಿರು ಕಟ್ಟಿತ್ತಾ? ಗಂಟಲು ಬಿಗಿದಿತ್ತಾ? ವಾಂತಿ? ಯಾವುದೂ ಇಲ್ಲ. "ಒಳ್ಳೇದು. ತಿಂದ ತಕ್ಷಣ ಗಂಟಲು ಬಿಗಿದು ಉಸಿರು ನಿಲ್ಲಿಸೋ ಜಾತಿ ಬೇರೆ. ಇದು ನಿಧಾನದ್ದು. ಚರ್ಮಕ್ಕೆ ಯೋಚನೆ ಮಾಡೋಕೆ ಒಂದೆರಡು ದಿನ ಬೇಕು. ಸೋಮವಾರದ್ದು ಬಿಡು, ಶನಿವಾರ ಏನು ತಿಂದೆ?"

"ಶನಿವಾರ? ಚಪ್ಪರ ಹಾಕ್ತಿದ್ವಿ. ಆಮೇಲೆ ಮನೆ ಮುಂದಿನ ಮರದಲ್ಲಿ ಮಾವು..."

"ಎಷ್ಟು?"

"ಎಣಿಸೋಕೆ ಬಾಯಿ ನಿಲ್ಲಿಸಿದ್ರೆ ತಾನೇ," ಎಂದಳು ಉಲಾಮಿಲ. "ಚಾಕು ಕೊಡ್ತೀನಿ ಅಂದ್ರೂ ಕೇಳಲ್ಲ. ತೊಟ್ಟಿನ ಹತ್ರ ಕಚ್ಚಿ, ಹಲ್ಲಲ್ಲೇ ಸಿಪ್ಪೆ ಸೀಳ್ತಾನೆ. ಸೊನೆ ಗಡ್ಡದವರೆಗೆ ಇಳೀತಿರತ್ತೆ."

"ಹುಟ್ಟಿದಾಗಿಂದ ಹಾಗೇ ತಿಂದಿದೀನಿ. ಏನೂ ಆಗಿಲ್ಲ."

"ಹೋದ ವರ್ಷ?"

ಅವನು ಯೋಚಿಸಿದ. "ಬಾಯಿ ಸುತ್ತ ಸ್ವಲ್ಪ ತುರಿಕೆ ಇತ್ತು. ಸೆಕೆ ಅಂದ್ಕೊಂಡೆ."

"ಅದಕ್ಕೆ ಮುಂಚೆ ಕೌಕಾರೋ ಏನಾದ್ರೂ ಮುಟ್ಟಿದ್ಯಾ?"

ಕೌಕಾರೋ ಮರದ ಕಪ್ಪು ಹಾಲು ತಾಗಿದರೆ ಮೈ ಬೆಂದಂತಾಗುತ್ತದೆ. ಗೊತ್ತಿದ್ದವರು ಯಾರೂ ಅದರ ಹತ್ತಿರ ಸುಳಿಯುವುದಿಲ್ಲ. ಅಮಿನಿಯಾಸಿ ಅಂಗಿಯ ತೋಳು ಮೇಲೆತ್ತಿ ಹಳೆಯ ಕಲೆ ತೋರಿಸಿದ. ಎರಡು ವರ್ಷದ ಹಿಂದೆ ಚಂಡಮಾರುತ ಒಂದೂ ಎಲೆ ಬಿಡದೆ ಕಾಡನ್ನು ಬೋಳಿಸಿತ್ತು. ಎಲೆಯಿಲ್ಲದ ಮರ ಯಾವುದೆಂದು ಯಾರಿಗೆ ತಿಳಿಯಬೇಕು? ದಾರಿಗೆ ಅಡ್ಡಬಿದ್ದ ಮರವನ್ನು ಗರಗಸದಿಂದ ಕೊಯ್ದವನು ಮೂರು ವಾರ ಬಾಳೆಯೆಲೆಯ ಮೇಲೆ ಮಲಗಿದ್ದ.

"ಅವತ್ತು ಆ ಮರ ನಿನ್ನ ಚರ್ಮಕ್ಕೆ ತನ್ನ ಕುಲದ ಹೆಸರು ಹೇಳ್ಕೊಟ್ಟಿದೆ," ಎಂದಳು ಕೆಲೆರಾ. "ಮಾವು ಅದರ ತೌವೂ ಕಣೋ. ಎರಡಕ್ಕೂ ಮೂಲ ಒಂದೇ. ಕೌಕಾರೋ ಹಾಲಲ್ಲಿರೋ ವಿಷದ ತಮ್ಮನೇ ಮಾವಿನ ಸಿಪ್ಪೇಲಿ, ಸೊನೇಲಿ ಇದಾನೆ. ಒಬ್ಬನ್ನ ನೋಡಿದ ಚರ್ಮ ಇನ್ನೊಬ್ಬನ್ನೂ ಗುರುತು ಹಿಡಿಯತ್ತೆ. ಗೋಡಂಬಿ ಸಿಪ್ಪೆ ಅದೇ ಕುಲ. ಹಿಂದೂಸ್ತಾನದ ಅಗಸರು ಬಟ್ಟೆಗೆ ಗುರುತು ಹಾಕೋ ಕರಿಗೇರು ಕಾಯಿ ಅದೇ ಕುಲ. ಜಪಾನಿನವರು ಮರದ ಬಟ್ಟಲಿಗೆ ಮೆರುಗು ಕೊಡೋ ಹಾಲೂ ಅದೇ."

ಉಲಾಮಿಲ ಕಿಟಕಿಯ ಕಡೆ ನೋಡಿದಳು. ಆಸ್ಪತ್ರೆಯ ಅಂಗಳದಲ್ಲೂ ಒಂದು ಮಾವಿನ ಮರವಿತ್ತು. ಮದುವೆಯಾಗಿ ಬಂದಾಗಿನಿಂದ ಅಂಥದೇ ಮರದ ನೆರಳಲ್ಲಿ ಬಟ್ಟೆ ಒಣಗಿಸಿದ್ದಳು. ಅದಕ್ಕೆ ಕಡಲಾಚೆಯವರೆಗೂ ನೆಂಟರಿರುವುದು ಅವಳಿಗೆ ಹೊಳೆದೇ ಇರಲಿಲ್ಲ. ಪರಿಚಯದ ಹೆಂಗಸೊಬ್ಬಳು ದೊಡ್ಡ ಮನೆತನದವಳೆಂದು ತಡವಾಗಿ ತಿಳಿದಾಗ ಆಗುವಂತೆ, ಅವಳಿಗೆ ಆ ಮರದೆದುರು ಕಾಲು ಚಾಚಿ ಕೂರಲು ಸಂಕೋಚವಾಯಿತು.

ಹೇಳಿದ್ದನ್ನು ಖಚಿತ ಮಾಡಿಕೊಳ್ಳಬೇಕಲ್ಲ. ಡಾಕ್ಟರು ಅಮಿನಿಯಾಸಿಯ ಬೆನ್ನಿನ ಮೇಲೆ ಪುಟ್ಟ ಪುಟ್ಟ ಚೌಕದ ಪಟ್ಟಿಗಳನ್ನು ಅಂಟಿಸಲು ಕೂತಳು. ಮಾವಿನ ಸಿಪ್ಪೆಯದು ಒಂದು, ಸಿಪ್ಪೆ ತೆಗೆದು ತೊಳೆದ ತಿರುಳಿನದು ಒಂದು, ಅಮಟೆಯ ಸಿಪ್ಪೆಯದು ಒಂದು, ಗೋಡಂಬಿ ಸಿಪ್ಪೆಯ ಎಣ್ಣೆ ತೀರ ತೆಳುಮಾಡಿದ್ದು ಒಂದು. "ಕೌಕಾರೋನೇ ಹಚ್ಚಿದ್ರೆ ಬೆನ್ನು ಉಳಿಯಲ್ಲ. ನೆಂಟರನ್ನ ಕರೆದು ಕೇಳೋಣ."

"ಇದನ್ನೂ ಹಚ್ಚು," ಎಂದಳು ಉಲಾಮಿಲ. ಸೆರಗಿನಷ್ಟಗಲದ ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ಒಂದು ಹಿಡಿ ಯಂಗೋನ ಪುಡಿ. ಆ ಸೋಮವಾರ ಕುಟ್ಟಿ ಉಳಿದಿದ್ದ ಅದೇ ಬೇರಿನದು.

"ಇದು ಯಾಕೆ? ನಂಗೆ ಇದರ ಮೇಲೆ ಅನುಮಾನಾನೇ ಇಲ್ಲ."

"ನಿಂಗಿಲ್ಲ. ಊರಿಗಿದೆ."

ಕೆಲೆರಾ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. ಬೈಯಲಿಲ್ಲ. ಪುಡಿಯನ್ನು ನೆನೆಸಿ ಐದನೆಯ ಚೌಕ ಅಂಟಿಸಿದಳು, ಎಲ್ಲದರ ಸುತ್ತ ಶಾಯಿಯಲ್ಲಿ ಗೆರೆ ಎಳೆದಳು. "ಬೆನ್ನಿಗೆ ನೀರು ಹಾಕಬೇಡ. ನಾಡಿದ್ದು ಪಟ್ಟಿ ನೀನೇ ಬಿಚ್ಚು. ಅದಾಗಿ ಇನ್ನೆರಡು ದಿನಕ್ಕೆ ನಿಮ್ಮ ಕಡೆ ನನ್ನ ಕ್ಲಿನಿಕ್ ಇದೆ, ನಾನೇ ಬಂದು ಓದ್ತೀನಿ."

"ಅವತ್ತೇ ಕುಲದ ಮನೇಲಿ ಎಲ್ಲಾ ಸೇರೋದು," ಎಂದಳು ಉಲಾಮಿಲ, ಏನೂ ಅರಿಯದವಳಂತೆ.

ಆ ದಿನ ಕುಲದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮಿನಿಯಾಸಿ ಯಜಮಾನನ ಜಾಗ ಬಿಟ್ಟು ಬಾಗಿಲ ಬಳಿ ಕೂತಿದ್ದ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರುಹಾಕುತ್ತಿದ್ದನೆಂದು ಅವನ ತುಟಿ ನೋಡಿಯೇ ಉಲಾಮಿಲ ತಿಳಿದಳು. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಡಾಕ್ಟರು ಒಳಗೆ ಬಂದಳು. ಬೇರೆ ಊರಿನ ಹೆಂಗಸು ಆ ಮನೆಯಲ್ಲಿ ಹಾಗೆ ಬಾಯಿ ಹಾಕುವಂತಿರಲಿಲ್ಲ. ತೌವೂವನ್ನು ತಡೆಯುವಂತೆಯೂ ಇರಲಿಲ್ಲ.

"ಏಳೋ ಮುದಿ ಹಂದಿ, ಅಂಗಿ ಬಿಚ್ಚು."

ಮಕ್ಕಳು ಕಿಸಕ್ಕೆಂದರು. ಅಸೆನಾದಾ ನಗಲಿಲ್ಲ. "ಬೆಳಕಿಗೆ ತಿರುಗ್ಸಿ," ಎಂದಳು.

ಶಾಯಿಯ ಗೆರೆಗಳೊಳಗೆ ಎಲ್ಲವೂ ಕಾಣುತ್ತಿತ್ತು. ಒಂದು ಚೌಕ ಕೆಂಡದಂತೆ ಕೆಂಪಗೆ, ಮೇಲೆ ಸಣ್ಣ ಗುಳ್ಳೆ. ಅದರ ಪಕ್ಕದ್ದು ನುಣುಪಾಗಿ ಖಾಲಿ. ಮೂರನೆಯದು ಮಸುಕು. ನಾಲ್ಕನೆಯದು ಮತ್ತೆ ಕೆಂಡ.

ಮುದುಕಿ ಬೆರಳು ಚಾಚಿದಳು. "ಇದು?"

"ಮಾವಿನ ಸಿಪ್ಪೆ ಅಜ್ಜಿ. ಪಕ್ಕದ್ದು ತಿರುಳು, ಅದು ನಿರಪರಾಧಿ. ಇದು ಅಮಟೆ, ದೂರದ ನೆಂಟ."

"ಈ ಕೆಂಪು?"

"ಗೋಡಂಬಿ ಸಿಪ್ಪೆ."

"ಇವನು ಆ ಸಿಪ್ಪೆ ಯಾವತ್ತಾದ್ರೂ ಮುಟ್ಟಿದಾನಾ?"

"ಮರಾನೇ ನೋಡಿಲ್ಲ ಅತ್ತೆ," ಎಂದ ಅಮಿನಿಯಾಸಿ.

ಅಸೆನಾದಾ ಆ ಕೆಂಪು ಚೌಕವನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು. "ಕಂಡೇ ಇರದ ನೆಂಟನ್ನ," ಎಂದಳು ತನಗೆ ತಾನೇ, "ಹೆಸರು ಕೇಳದೆ, ಊರು ಕೇಳದೆ ಗುರುತು ಹಿಡಿದಿದೆ. ಐವತ್ತು ವರ್ಷದಿಂದ ಈ ಊರಿನ ತಲೆಮಾರು ಹೇಳ್ತಾ ಬಂದಿದೀನಿ. ನಂಗೆ ಯಾರಾದ್ರೂ ಹೇಳ್ಕೊಡಬೇಕಿತ್ತು. ಇವನ ಚರ್ಮಕ್ಕೆ ಇದನ್ನ ಯಾರು ಹೇಳ್ಕೊಟ್ರು?"

ಅವಳು ಬೆರಳನ್ನು ಐದನೆಯ ಚೌಕಕ್ಕೆ ಸರಿಸಿದಳು.

"ಈ ಕೊನೇದು?"

ಈಗ ಉಲಾಮಿಲಳೇ ಹೇಳಿದಳು. "ಅದು ಆ ದಿನದ ಯಂಗೋನ ಅತ್ತೆ. ಅದೇ ಬೇರು."

ಮುದುಕಿಯ ಬೆರಳು ಆ ಚೌಕದ ಮೇಲೆ ಅತ್ತಿತ್ತ ಆಡಿತು. ಗೆರೆಯ ಒಳಗೂ ಹೊರಗೂ ಒಂದೇ ಚರ್ಮ. ಕೆಂಪಿಲ್ಲ, ಉಬ್ಬಿಲ್ಲ, ಒರಟಿಲ್ಲ. ಅವಳ ಕಣ್ಣು ಮಂಜಾಗಿದ್ದರೂ ಬೆರಳು ಮಂಜಾಗಿರಲಿಲ್ಲ.

"ಭೂಮಿ ಇವನನ್ನ ಮುಟ್ಟಿಲ್ಲ," ಎಂದಳು.

ಹಿಂದಿನ ಸಾಲಿನಿಂದ ಬೊಗಸೆ ಚಪ್ಪಾಳೆಯೊಂದು ಕೇಳಿತು. ಸೈಮೋನೆ. ಆಮೇಲೆ ಮನೆ ತುಂಬ. ಅಂಗಿಯಿಲ್ಲದೆಯೇ ಅಮಿನಿಯಾಸಿ ಎದ್ದು ಹೋಗಿ ಯಜಮಾನನ ಜಾಗದಲ್ಲಿ ಕೂತ. ಡಾಕ್ಟರು ಹೊರಡುವಾಗ ಕುಲದ ಮನೆಯ ಒಳ್ಳೆಯ ಚಾಪೆಯೊಂದನ್ನು ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೋದಳು. ಯಾರೂ ಕೇಳಲಿಲ್ಲ.

ಅಂದಿನಿಂದ ಉಲಾಮಿಲ ಮನೆಯಿಂದ ದೂರ ಕೂತು ಮಾವು ಹೆರೆದು, ತೊಳೆದು, ಕೈಯನ್ನೂ ಸೋಪು ಹಾಕಿ ತೊಳೆದುಕೊಂಡು, ತಿರುಳನ್ನಷ್ಟೇ ಬಟ್ಟಲಲ್ಲಿ ಕೊಡುತ್ತಾಳೆ. ಅವನು ಚಮಚದಲ್ಲಿ ತಿನ್ನುತ್ತಾನೆ. ಚಮಚದಲ್ಲಿ ತಿಂದ ಮಾವು ಮಾವೇ ಅಲ್ಲ ಎನ್ನುತ್ತಾನೆ, ಅದು ನಿಜವೇ. ಸಿಕ್ಕಿದ್ದು ಕುಲದ ಯಜಮಾನಿಕೆ. ಹೋದದ್ದು ಮರದ ಕೆಳಗೆ ನಿಂತು ಹಲ್ಲಲ್ಲಿ ಸಿಪ್ಪೆ ಸೀಳುವ ಸುಖ, ಮತ್ತೆ ಒಂದು ಒಳ್ಳೆಯ ಚಾಪೆ.