ತಂತಿಯಲ್ಲಿ ಹೋದ ಮುಖ

ಜಯತೀರ್ಥ ಶಹಾಬಾದಿನ ಕಾರ್ಖಾನೆಯ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದ. ಒಂದು ಕೋಣೆಯಲ್ಲಿ ಕುಳಿತವರ ಮುಖವನ್ನು ತಂತಿಯಲ್ಲಿ ಹರಿಸಿ ಇನ್ನೊಂದು ಕೋಣೆಯಲ್ಲಿ ತೋರಿಸಬಹುದು, ವಿಲಾಯತಿಯಲ್ಲಿ ಹಾಗೆ ಮಾಡಿ ತೋರಿಸಿದ್ದಾರೆ ಎಂದು ಮುಂಬಯಿಯ ಮಾಸಿಕವೊಂದರಲ್ಲಿ ಓದಿದಾಗಿನಿಂದ ಅವನಿಗೆ ಅದೇ ಗುಂಗು. ತಗಡಿನಲ್ಲಿ ಎರಡು ದೊಡ್ಡ ಚಕ್ರ ಕತ್ತರಿಸಿದ. ಎರಡರಲ್ಲೂ ಮೂವತ್ತು ಸಣ್ಣ ತೂತುಗಳನ್ನು ಸುರುಳಿಯಾಗಿ ಕೊರೆದ. ಎರಡು ಮೋಟರು ಹೊಂದಿಸಿದ. ನಿಯಾನ್ ದೀಪವೊಂದನ್ನು ಮುಂಬಯಿಯಿಂದ ತರಿಸಿದ. ಆದರೆ ಬೆಳಕನ್ನು ಕರೆಂಟಾಗಿಸುವ ಸೆಲ್ ಮಾತ್ರ ಎಲ್ಲಿಯೂ ಸಿಗಲಿಲ್ಲ.

ಅದು ಊರಿನ ಟಾಕೀಜಿನಲ್ಲೇ ಇತ್ತು. ಫಿಲ್ಮಿನ ಅಂಚಿನ ಗೆರೆಗಳಿಂದ ಧ್ವನಿ ಹೊರಡಿಸುವುದು ಅದೇ ಸೆಲ್. ಅಲ್ಲಿ ಯಂತ್ರ ನಡೆಸುತ್ತಿದ್ದ ಗೆಳೆಯ ಚಾಂದ್ ಮಾಲೀಕರನ್ನು ಒಪ್ಪಿಸಿ, ಸಂಜೆಯ ಆಟಕ್ಕೆ ಮೊದಲೇ ಮರಳಿಸುವುದಾಗಿ ಹೇಳಿ, ರವಿವಾರ ಬೆಳಿಗ್ಗೆ ಸೆಲ್ಲನ್ನೂ ಆಂಪ್ಲಿಫೈಯರನ್ನೂ ಟಾಂಗಾದಲ್ಲಿ ತಂದಿಳಿಸಿದ.

ಕಿಟಕಿಗಳಿಗೆ ಕಂಬಳಿ ಕಟ್ಟಿ ಒಳಕೋಣೆಯನ್ನು ಕತ್ತಲು ಮಾಡಿದರು. ಅಲ್ಲಿನ ಚಕ್ರದ ಹಿಂದೆ ಪ್ರಖರವಾದ ದೀಪ. ಚಕ್ರ ತಿರುಗಿದಾಗ ಒಂದೊಂದು ತೂತಿನ ಬೆಳಕೂ ಎದುರಿನ ಮುಖದ ಮೇಲೆ ಒಂದೊಂದು ಗೆರೆ ಎಳೆದು ಹೋಗಬೇಕು. ಮುಖದಿಂದ ಮರಳುವ ಬೆಳಕನ್ನು ಪಕ್ಕದಲ್ಲಿಟ್ಟ ಸೆಲ್ ಹಿಡಿಯಬೇಕು. ಬೆಳಕು ಹಣೆಯ ಮೇಲೆ ಬಿದ್ದಾಗ ಕರೆಂಟು ಏರಬೇಕು, ಕಣ್ಣಿನ ಕುಳಿಯಲ್ಲಿ ಇಳಿಯಬೇಕು. ಆ ಏರಿಳಿತಕ್ಕೆ ತಕ್ಕಂತೆ ಪಡಸಾಲೆಯಲ್ಲಿನ ನಿಯಾನ್ ದೀಪ ಹೆಚ್ಚು ಕಡಿಮೆ ಉರಿಯಬೇಕು. ಅಷ್ಟೇ ವೇಗದಲ್ಲಿ ತಿರುಗುವ ಎರಡನೆಯ ಚಕ್ರದ ತೂತುಗಳಿಂದ ಅದನ್ನು ನೋಡಿದರೆ ಮುಖ ಕಾಣಬೇಕು.

ಎದುರಿಗೆ ಕೂರಲು ಜನವಿರಲಿಲ್ಲ. ಜಯತೀರ್ಥನ ಹೆಂಡತಿ ಲೀಲಾಬಾಯಿ ಸೇಡಂನ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಸೋದರತ್ತೆ ಯಂಕಮ್ಮ ಒಬ್ಬರೇ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ತವರಿಗೆ ಬಂದವರು. ತಾಯಿಯಿಲ್ಲದ ಜಯತೀರ್ಥನನ್ನು ಸಾಕಿದವರು. ಅವನ ಮದುವೆಯಲ್ಲಿ ಫೋಟೋ ತೆಗೆಯುವವನು ಬಂದಾಗ ಅಡಿಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಆದ್ದರಿಂದ ಜಯತೀರ್ಥ ಅಳುಕುತ್ತಲೇ ಕೇಳಿದ.

"ಚಿತ್ರ ಎಲ್ಲಿ ಉಳೀತದ?" ಎಂದರು ಯಂಕಮ್ಮ.

"ಎಲ್ಲೂ ಉಳಿಯೂದಿಲ್ಲ ಅತ್ಯಾ. ಕಾಗದ ಇಲ್ಲ, ಏನಿಲ್ಲ. ನೋಡೂದ್ರಾಗ ಹೋಗಿಬಿಡ್ತದ."

ಅವರು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡರು. ಆಮೇಲೆ ಕತ್ತಲ ಕೋಣೆಯೊಳಗೆ ಒಬ್ಬರೇ ಹೋಗಿ ಕುಳಿತರು.

ಚಾಂದ್ ಆಂಪ್ಲಿಫೈಯರಿನ ಮುಂದೆ ಕುಳಿತ. ಜಯತೀರ್ಥ ಪಡಸಾಲೆಯಲ್ಲಿ ಕಂಬಳಿಯ ಮರೆ ಕಟ್ಟಿಕೊಂಡು ಚಕ್ರದೊಳಗೆ ಕಣ್ಣಿಟ್ಟ. ಮೊದಲು ಕೆಂಪು ಬೆಳಕು ಮಾತ್ರ ಕಾಣಿಸಿತು. ಆಮೇಲೆ ಅದರಲ್ಲಿ ಓರೆಯಾದ ಪಟ್ಟೆಗಳು ಓಡತೊಡಗಿದವು. ಅವನ ಚಕ್ರ ತುಸು ಮುಂದೆ ಓಡುತ್ತಿತ್ತು. ಹೆಬ್ಬೆರಳನ್ನು ಮೋಟರಿನ ಅಚ್ಚಿಗೆ ಮೆಲ್ಲಗೆ ಒತ್ತಿದ. ಪಟ್ಟೆಗಳು ನಿಧಾನವಾದವು, ನೆಟ್ಟಗಾದವು, ನಿಂತವು.

ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಅತ್ತೆಯ ಮುಖವಿತ್ತು.

ಯಾರೂ ಇಲ್ಲವೆಂದು ಅವರು ಸೆರಗನ್ನು ಹಣೆಯಿಂದ ಹಿಂದೆ ಸರಿಸಿದ್ದರು. ರೆಪ್ಪೆ ಬಡಿದರೆ ಅಲ್ಲಿ ಸಣ್ಣ ಕತ್ತಲು ಬಂದು ಹೋಗುತ್ತಿತ್ತು. ತನ್ನನ್ನು ಬೆಳೆಸಿದ ಈ ಮುಖವನ್ನು ತಾನು ಒಮ್ಮೆಯೂ ಪೂರ್ತಿಯಾಗಿ ನೋಡಿರಲಿಲ್ಲವೆಂದು ಅವನಿಗೆ ಆಗ ತಿಳಿಯಿತು. ಅದರಲ್ಲಿ ಅವನ ತಂದೆಯ ಹಣೆಯಿತ್ತು, ಅವನದೇ ಗದ್ದವಿತ್ತು. ಯಾವ ಕ್ಷಣಕ್ಕೂ ಅಲ್ಲಿರುವುದು ಒಂದೇ ಒಂದು ಬೆಳಕಿನ ಚುಕ್ಕೆ, ಉಳಿದದ್ದನ್ನೆಲ್ಲ ತನ್ನ ಕಣ್ಣೇ ಹಿಡಿದಿಟ್ಟುಕೊಂಡಿದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಚ್ಚಿನ ಮೇಲಿನ ಹೆಬ್ಬೆರಳನ್ನು ಸಡಿಲಿಸಲಿಲ್ಲ.

ಚಾಂದ್ ತಾನೂ ನೋಡಬಹುದೇ ಎಂದ. ಜಯತೀರ್ಥ ಒಳಗಿನವರನ್ನು ಕೂಗಿ ಕೇಳಿದ. ಚಿತ್ರದಲ್ಲಿ ಸೆರಗು ಮುಂದೆ ಬಂತು, ನಿಂತಿತು, ಮತ್ತೆ ಹಿಂದೆ ಸರಿಯಿತು. ನೋಡಲಿ ಬಿಡು ಎಂದರು. ದಿನವೂ ಎಷ್ಟೋ ಮುಖಗಳನ್ನು ಪರದೆಯ ಮೇಲೆ ಬಿಡುವ ಚಾಂದ್ ಬಗ್ಗಿ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು, "ಈ ಮುಖ ಜೀವಂತ ಅದ ರಾಯರ" ಎಂದ ಮೆಲ್ಲಗೆ.

ನಂತರ ಯಂಕಮ್ಮನೇ ನೋಡುವ ಕಡೆಗೆ ಬಂದರು. ಒಳಗೆ ಕುಳಿತ ಚಾಂದ್ ಅಂಗೈ ಎತ್ತಿ ಬೆರಳು ಬಿಡಿಸಿ ಮಡಿಸಿದ. ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ನೆಲದ ಮೇಲಿನ ತಂತಿಯನ್ನು ಕೈಯಲ್ಲಿ ಹಿಡಿಯಬಹುದೇ ಎಂದು ಕೇಳಿದರು. ಮೇಲೆ ರಬ್ಬರಿದೆ, ಅಂಜಬೇಡ ಎಂದ ಜಯತೀರ್ಥ. ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಇಷ್ಟು ಸಣ್ಣದರಾಗ ನಾ ಹೋದೆನೇನ?"

"ಸಾಲು ಸಾಲಾಗಿ ಹೋದಿ ಅತ್ಯಾ."

ಅವರು ಇನ್ನೊಮ್ಮೆ ಕುಳಿತುಕೊಳ್ಳುತ್ತೇನೆಂದರು. ಈ ಸಲ ಯಾರೂ ಕೂಗಬೇಡಿ, ಸುಮ್ಮನೆ ನೋಡಿರಿ ಎಂದರು. ಆ ಬೆಳಕಿನ ಮುಂದೆ ಅವರು ಮೊದಲು ನೆಟ್ಟಗೆ ಕುಳಿತರು, ಆಮೇಲೆ ನಕ್ಕರು. ಜಯತೀರ್ಥ ಹೆಬ್ಬೆರಳು ಸುಡುವವರೆಗೂ ಒತ್ತಿ ಹಿಡಿದಿದ್ದ.

ಸಂಜೆಯ ಆಟಕ್ಕೆ ಸೆಲ್ ತನ್ನ ಜಾಗಕ್ಕೆ ಮರಳಿತು. ಮರುವರ್ಷ ಯುದ್ಧ ಶುರುವಾಗಿ, ಅಂಥ ಸಾಮಾನು ಮುಂಬಯಿಯಲ್ಲೂ ಸಿಗದಂತಾಯಿತು.

ಲೀಲಾಬಾಯಿ ಸೇಡಂನಿಂದ ಬಂದ ದಿನ ನಡೆದದ್ದನ್ನು ಹೇಳಿದ್ದು ಜಯತೀರ್ಥನಲ್ಲ, ಯಂಕಮ್ಮ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಬೆಳಕು ಹೇಗೆ ಮುಖ ಸವರಿ ಹೋಯಿತು, ಎಲ್ಲಿ ಹೆಚ್ಚಿತು, ಎಲ್ಲಿ ತಗ್ಗಿತು ಎಂದು ಒಂದನ್ನೂ ಬಿಡದೆ ಹೇಳಿದರು. ಕಡೆಗೆ, "ಭಾಳ ಹೊತ್ತು ನೋಡ್ದ ನಿನ್ನ ಗಂಡ" ಎಂದು, ಬೆಂದ ರೊಟ್ಟಿಯನ್ನು ಅವಳ ತಾಟಿಗೆ ಹಾಕಿದರು.