ಮೂವತ್ತೆರಡನೆಯ ಸಹಿ

ನಮ್ಮ ತರಗತಿಯ ನಿಯಮಗಳ ಹಾಳೆ ಕರಿಹಲಗೆಯ ಪಕ್ಕ ಒಂದು ಮೊಳೆಗೆ ತೂಗುತ್ತಿತ್ತು. ಶಾಲೆ ಶುರುವಾದ ಮೊದಲ ವಾರ ಮಕ್ಕಳೇ ಕಿತ್ತಾಡಿ ಬರೆದ ಒಂಬತ್ತು ನಿಯಮಗಳು. ಕೆಳಗೆ ಮೂವತ್ತೊಂದು ಸಹಿ, ಮೊದಲನೆಯದು ನನ್ನದು. ಒಪ್ಪಿಕೊಳ್ಳದವರ ಮೇಲೆ ಕಾನೂನು ಹೇರಬಾರದು ಎಂದು ಅವತ್ತು ಅರ್ಧ ಗಂಟೆ ಮಾತಾಡಿದ್ದೆ. ಪೌರನೀತಿ ಪಾಠ ಮಾಡಲು ಬಂದ ನನ್ನ ಮೊದಲ ವರ್ಷ ಅದು.

ಶುಕ್ರವಾರದ ಕೊನೆಯ ಪೀರಿಯಡ್ ವಿಚಾರಣೆಗೆ ಮೀಸಲು. ಪೆನ್ನು ಕದ್ದದ್ದು, ಅಡ್ಡಹೆಸರು ಕರೆದದ್ದು, ಕಿಟಕಿ ಪಕ್ಕದ ಜಾಗದ ಜಗಳ, ಎಲ್ಲ ಅಲ್ಲಿಗೆ ಬರುತ್ತಿದ್ದವು. ಕೈ ಮುರಿದ ಕುರ್ಚಿಯೊಂದು ಇತ್ತು. ಆರೋಪ ಹೊತ್ತವರು ಅದರಲ್ಲಿ ಕೂತು ಉತ್ತರ ಹೇಳಬೇಕು. ತೀರ್ಪು ಎಲ್ಲರ ಚೀಟಿಗಳಿಂದ.

ಒಂದು ಬುಧವಾರ ಊಟದ ಬಿಡುವಿನಲ್ಲಿ ಒಳಗೆ ಹೋದಾಗ ಆ ಹಾಳೆ ಮೇಜಿನ ಮೇಲಿತ್ತು. ಕೆಳಗಿನ ಅಂಚು ಸೀಳಿಹೋಗಿತ್ತು. ಪಕ್ಕದಲ್ಲಿ ಕತ್ತರಿ ಹಿಡಿದು ಹೊಸ ಹುಡುಗಿ ನಿಂತಿದ್ದಳು. ಅವಳು ಸೇರಿ ಎರಡು ತಿಂಗಳಾಗಿತ್ತು. ಅಪ್ಪ ಸೇತುವೆ ಕಟ್ಟುವ ಕೆಲಸದವರು. ಕೆಲಸ ಹೋದಲ್ಲಿ ಮನೆ, ಮನೆ ಹೋದಲ್ಲಿ ಶಾಲೆ. ಇದು ಅವಳಿಗೆ ಐದನೆಯದು. ಹಾಜರಿ ಕೂಗಿದಾಗಲೂ ಬರೀ ಕೈ ಎತ್ತುತ್ತಿದ್ದಳು. ಹುಡುಗರು ಅವಳಿಗೆ 'ಮ್ಯೂಟ್' ಎಂದು ಹೆಸರಿಟ್ಟಿದ್ದರು.

"ಯಾಕೆ ಹರಿದೆ?"

ಅವಳು ಹಾಳೆಯನ್ನು ನೋಡಿದಳು. ಬಾಗಿಲಲ್ಲಿ ಆಗಲೇ ಏಳೆಂಟು ಮುಖಗಳು ಸೇರಿದ್ದವು.

"ಮೌನಂ ಸಮ್ಮತಿ ಲಕ್ಷಣಂ ಅಂತಾರೆ," ಎಂದೆ. "ಸೋಮವಾರ ನೀನು ಬರೋದು ಬೇಡ."

ಸೋಮವಾರ ಇಡೀ ತರಗತಿ ನ್ಯಾಯಾಲಯ ನೋಡಲು ಹೋಗುವುದಿತ್ತು. ಅಪ್ಪನ ಸಹಿ ಹಾಕಿಸಿ ಒಪ್ಪಿಗೆ ಪತ್ರವನ್ನು ಎಲ್ಲರಿಗಿಂತ ಮೊದಲು ತಂದುಕೊಟ್ಟವಳು ಅವಳೇ. ಮುಂದಿನ ತಿಂಗಳು ಸೇತುವೆ ಮುಗಿಯುತ್ತಿತ್ತು. ಅವಳಿಗೆ ಇಂಥ ಇನ್ನೊಂದು ಸೋಮವಾರ ಇರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಅವಳು ಕತ್ತರಿಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಶಿಕ್ಷಕರ ಕೋಣೆಯಲ್ಲಿ ಮುಖ್ಯೋಪಾಧ್ಯಾಯಿನಿ ಊಟದ ಡಬ್ಬಿಯ ಮುಚ್ಚಳ ಹಾಕುತ್ತಾ ಕೇಳಿದರು, "ಏನಪ್ಪಾ, ಶಿಕ್ಷೆ ಕೊಟ್ಟೆಯಂತೆ?"

"ಆರನೇ ನಿಯಮ ಮೇಡಂ. ತರಗತಿ ಸಾಮಾನು ಹಾಳು ಮಾಡಿದವರು ತರಗತಿ ಜೊತೆ ಹೊರಗೆ ಬರೋ ಹಾಗಿಲ್ಲ."

"ವಿಚಾರಣೆ ಶುಕ್ರವಾರ ಅಲ್ವಾ? ಇವತ್ತು ಬುಧವಾರ."

"ಕಣ್ಣಾರೆ ಕಂಡೆ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಿನ್ನ ಹತ್ತಿರ ಒಂದು ಗಾದೆ ಇದ್ರೆ ನನ್ನ ಹತ್ತಿರಾನೂ ಒಂದಿದೆ." ಅವರು ನಕ್ಕು ಎದ್ದರು. ತೀರ್ಪು ಬದಲಿಸು ಎನ್ನಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಶುಕ್ರವಾರ ದೂರಿನ ಡಬ್ಬಿಯಲ್ಲಿ ಒಂದೇ ಚೀಟಿ. ಓದಿದವಳು ಬಾಯಿ ಜೋರಿನ ಹುಡುಗಿ. ಎಲ್ಲರಿಗೂ ಅವಳು 'ವಕೀಲಮ್ಮ'.

"ಆರೋಪಿ, ಪೌರನೀತಿ ಸರ್. ಎರಡನೇ ನಿಯಮ. ಕೇಳದೆ ಯಾರನ್ನೂ ತಪ್ಪಿತಸ್ಥರು ಅನ್ನಬಾರದು."

ಮಕ್ಕಳೆಲ್ಲ ನನ್ನತ್ತ ತಿರುಗಿದರು. ಪಾಠ ಶುರು ಮಾಡೋಣ ಎಂದಿದ್ದರೆ ಅವರು ಪುಸ್ತಕ ತೆರೆಯುತ್ತಿದ್ದರು. ಮತ್ತೆ ಯಾವ ಶುಕ್ರವಾರವೂ ಆ ಡಬ್ಬಿಗೆ ನಿಜವಾದ ಚೀಟಿ ಬೀಳುತ್ತಿರಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತೆ. ಇಲ್ಲದ ಕೈಯ ಮೇಲೆ ಮೊಣಕೈ ಊರಲು ಹೋಗಿ ಜಾರಿದೆ. ಯಾರೋ ಕಿಸಕ್ಕೆಂದರು.

"ಸರ್, ನೀವು ಅವಳನ್ನ ಕೇಳಿದ್ರಾ?"

"ಕೇಳಿದೆ. ಯಾಕೆ ಹರಿದೆ ಅಂತ."

"ಅವಳೇ ಹರಿದಿದ್ದು ಅಂತ ಯಾರು ಹೇಳಿದ್ರು?"

"ಕೈಯಲ್ಲಿ ಕತ್ತರಿ ಇತ್ತಲ್ಲಮ್ಮ."

"ನಿಮ್ಮ ಕೈಯಲ್ಲಿ ದಿನಾ ಸೀಮೆಸುಣ್ಣ ಇರುತ್ತೆ. ಕಾಂಪೌಂಡ್ ಗೋಡೆ ಮೇಲೆ ಗೀಚಿರೋದು ನೀವೇನಾ?"

ತರಗತಿ ಗೊಳ್ಳೆಂದಿತು. ನಗು ಅಡಗಿದ ಮೇಲೆ ಅವಳು ತಗ್ಗಿದ ದನಿಯಲ್ಲಿ ಕೇಳಿದಳು, "ಅವಳ ಉತ್ತರಕ್ಕೆ ಎಷ್ಟು ಹೊತ್ತು ಕಾದ್ರಿ?"

ನೆನಪು ಮಾಡಿಕೊಳ್ಳಲು ನೋಡಿದೆ. ಬಾಗಿಲಲ್ಲಿದ್ದ ಮುಖಗಳು ನೆನಪಾದವು, ಅವುಗಳೆದುರು ಗಟ್ಟಿಯಾಗಿ ಕಾಣಬೇಕೆಂದು ನನಗೆ ಅನ್ನಿಸಿದ್ದೂ ನೆನಪಾಯಿತು. ಕಾದದ್ದು ನೆನಪಾಗಲಿಲ್ಲ. ವಿಚಾರಣೆಯಲ್ಲಿ ಹೊತ್ತು ನೋಡುವ ಹುಡುಗ, ಅವನಿಗೆ 'ಗಡಿಯಾರ' ಎಂದೇ ಹೆಸರು, ಮಣಿಕಟ್ಟು ನೋಡಿಕೊಂಡು ಹೇಳಿದ, "ಸರ್ ಸುಮ್ಮನಾಗಿ ನಲವತ್ತು ಸೆಕೆಂಡ್ ಆಯ್ತು."

"ಮೌನಂ ಸಮ್ಮತಿ ಅಂತ ಬರ್ಕೊಳ್ಳಲಾ ಸರ್?" ವಕೀಲಮ್ಮ ನಗದೆ ಕೇಳಿದಳು.

"ಬೇಡ. ಇನ್ನೂ ಯೋಚಿಸ್ತಾ ಇದ್ದೀನಿ."

"ಅವಳೂ ಯೋಚಿಸ್ತಾ ಇದ್ದಿರಬಹುದು," ಎಂದಿತು ಹಿಂದಿನ ಬೆಂಚಿನ ಒಂದು ದನಿ.

ಹೊಸ ಹುಡುಗಿ ಎದ್ದು ಬಂದಳು. ಚೀಲದಿಂದ ಬೆರಳಗಲದ ಬಿಳಿ ಕಾಗದದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಅವಳ ಹೆಸರು, ಪಕ್ಕದಲ್ಲಿ ಸಹಿ. ಈ ಸಲ ಯಾರೂ ಅವಸರಿಸಲಿಲ್ಲ. ಹೊರಗೆ ಯಾರೋ ನಲ್ಲಿ ತಿರುಗಿಸಿ ನಿಲ್ಲಿಸಿದ್ದು ಕೇಳಿಸಿತು.

"ಇದನ್ನ ಕೆಳಗೆ ಅಂಟಿಸೋಕೆ ಹಾಳೆ ಇಳಿಸಿದೆ," ಎಂದಳು. ದನಿ ತೆಳ್ಳಗಿರಲಿಲ್ಲ, ಚೆನ್ನಾಗಿ ಕೇಳುವಂತಿತ್ತು. "ಕೆಳಗೆ ಜಾಗ ಇರಲಿಲ್ಲ. ಎಳೆದಾಗ ಪಕ್ಕದ ಕಿಟಕಿ ಕೊಂಡಿಗೆ ಸಿಕ್ಕಿ ಹರೀತು. ಕತ್ತರಿ ಟೇಪ್ ಕತ್ತರಿಸೋಕೆ."

"ಅವತ್ತೇ ಹೇಳಬಾರದಿತ್ತಾ?" ಎಂದೆ.

"ಹೇಳೋಣ ಅಂತಿದ್ದೆ ಸರ್. ಅಷ್ಟರಲ್ಲಿ ನೀವು ಗಾದೆ ಹೇಳಿದ್ರಿ."

ವಕೀಲಮ್ಮ ಹಾಳೆಯ ಮೇಲೆ ಬೆರಳಿಟ್ಟು ಸಹಿಗಳನ್ನು ಎಣಿಸುತ್ತಿದ್ದಳು. "ಸರ್, ಇವಳ ಸಹೀನೇ ಇಲ್ಲ ಇದರಲ್ಲಿ. ಇವಳು ಬಂದ ಮೇಲೆ ಯಾರೂ ಕೇಳಿಲ್ಲ. ಒಪ್ಪದವರ ಮೇಲೆ ಕಾನೂನು ಹೇರಬಾರದು ಅಂತ ನೀವೇ ಅಲ್ವಾ ಹೇಳಿದ್ದು?"

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದಿತು ಹಿಂದಿನ ಬೆಂಚು.

ಉತ್ತರ ಹೇಳುವ ಸರದಿ ನನ್ನದಾಗಿತ್ತು. ನೀನು ಬಂದ ದಿನವೇ ಈ ಹಾಳೆಯನ್ನು ನಿನ್ನ ಕೈಗೆ ಕೊಡಬೇಕಿತ್ತು, ನಾನು ಮರೆತೆ, ಬುಧವಾರ ನಿನ್ನ ಉತ್ತರಕ್ಕೆ ಕಾಯಲಿಲ್ಲ, ಎರಡೂ ನನ್ನ ತಪ್ಪು ಎಂದೆ. ಹುಡುಗಿ ತಲೆ ಆಡಿಸಿದಳು. ಕ್ಷಮಿಸಿದಳೋ, ಕೇಳಿಸಿತು ಎಂದಷ್ಟೇ ಹೇಳಿದಳೋ ತಿಳಿಯಲಿಲ್ಲ. ಆ ಅನುಮಾನ ನನಗೆ ಸಲ್ಲಬೇಕಾದದ್ದೇ.

ಮೂವತ್ತೊಂದು ಚೀಟಿಗಳಲ್ಲಿ ಮೂವತ್ತು ನನ್ನ ವಿರುದ್ಧ ಬಂದವು. ಉಳಿದ ಒಂದು ಖಾಲಿ. ಯಾರದೆಂದು ನಾನು ಕೇಳಲಿಲ್ಲ. ಹುಡುಗಿಯ ಶಿಕ್ಷೆ ರದ್ದು. ಸೋಮವಾರ ಎಲ್ಲರ ನೀರಿನ ಬಾಟಲಿ ಹೊರುವುದು ನನ್ನ ಶಿಕ್ಷೆ. ಉತ್ತರಕ್ಕೆ ಕಾಯಬೇಕು ಎಂಬ ಹತ್ತನೆಯ ನಿಯಮವೂ ಪಾಸಾಯಿತು. ಎಷ್ಟು ಹೊತ್ತು ಎಂದು ಬರೆಯದಿದ್ದರೆ ಹೇಗೆ ಎಂದು ಗಡಿಯಾರ ತಕರಾರು ತೆಗೆದ. ಒಬ್ಬ ಒಂದು ನಿಮಿಷ ಎಂದ, ಇನ್ನೊಬ್ಬಳು ಐದು ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಎಲ್ಲರೂ ಓಡಿದ ಮೇಲೆ ಹುಡುಗಿ ಹರಿದ ಕಡೆ ಟೇಪ್ ಹಚ್ಚಿ, ಕೆಳಗೆ ತನ್ನ ಪಟ್ಟಿ ಅಂಟಿಸಿದಳು. ಹಾಳೆಯ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.

ಸೋಮವಾರ ಬಸ್ಸಿನ ಬಾಗಿಲಲ್ಲಿ ಹಾಜರಿ ಕೂಗಿದೆ. ಅವಳು ಎಂದಿನಂತೆ ಕೈ ಎತ್ತಿದಳು. ನನ್ನ ಹೆಗಲಲ್ಲಿ ಎರಡು ಚೀಲ ಬಾಟಲಿ. "ಸರ್, ತೂಕ ಜಾಸ್ತಿ ಆದ್ರೆ ಮೇಲ್ಮನವಿ ಹಾಕಿ," ಎಂದಳು ವಕೀಲಮ್ಮ.

ನ್ಯಾಯಾಲಯದ ಕೋಣೆ ನಾವಂದುಕೊಂಡಷ್ಟು ದೊಡ್ಡದಿರಲಿಲ್ಲ. ಫ್ಯಾನ್ ಕಿರುಗುಟ್ಟುತ್ತಿತ್ತು. ಹಿಂದಿನ ಎರಡು ಸಾಲು ನಮ್ಮದು. ಕಟಕಟೆಯಲ್ಲಿ ನಿಂತ ನಡುವಯಸ್ಸಿನವನಿಗೆ ನ್ಯಾಯಾಧೀಶೆ ಏನೋ ಕೇಳಿದರು. ಅವನು ಕಟಕಟೆಯ ಸರಳು ಹಿಡಿದು ನೆಲ ನೋಡಿದ. ಗುಮಾಸ್ತರು ಗೋಡೆಯ ಗಡಿಯಾರದತ್ತ ಕಣ್ಣು ಹಾಯಿಸಿದರು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು.

"ನಿಧಾನವಾಗಿ ಹೇಳಿ," ಎಂದು ಹಿಂದಕ್ಕೆ ಒರಗಿ ಕೂತರು.

ನಮ್ಮ ಸಾಲಿನಲ್ಲಿ 'ಗಡಿಯಾರ' ಅಂಗಿಯ ತೋಳು ಸರಿಸಿ ಸೆಕೆಂಡ್ ಎಣಿಸತೊಡಗಿದ. ಪಕ್ಕದಲ್ಲಿ ಕೂತಿದ್ದ ಹೊಸ ಹುಡುಗಿ, ಕಟಕಟೆಯಿಂದ ಕಣ್ಣು ಕೀಳದೆ, ಅವನ ಮಣಿಕಟ್ಟನ್ನು ತನ್ನ ಅಂಗೈಯಿಂದ ಮುಚ್ಚಿದಳು.