ಮೂವತ್ತಾರು ಲೀಟರಿನ ಬಾಕ್ಸು

ಅಳತೆಯ ವಿಷಯದಲ್ಲಿ ನನ್ನಷ್ಟು ಬುದ್ಧಿವಂತ ಬೇರೊಬ್ಬನಿಲ್ಲವೆಂದು ನನಗೇ ಒಂದು ಜಂಬವಿತ್ತು. ನಾನು ಜಗನ್, ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ರಿಪೇರಿ ಮಾಡುವವನು. ಶಿಡ್ಲಘಟ್ಟ, ಚಿಂತಾಮಣಿ ಎರಡೂ ತಾಲ್ಲೂಕು ನನ್ನ ಪಾಲಿಗೆ. ಸಾಮಾನನ್ನು ಇಷ್ಟು ವರ್ಷ ಗೋಣಿಚೀಲದಲ್ಲಿ ಕಟ್ಟಿಕೊಂಡು ತಿರುಗಿದೆ. ಈ ಸಲ ಕಂಪನಿಯವರು ದೊಡ್ಡ ಮನಸ್ಸು ಮಾಡಿ, ಬೈಕಿಗೆ ಎರಡು ಸೈಡ್ ಬಾಕ್ಸ್ ಹಾಕಿಸಿಕೋ, ಸೈಜು ನೀನೇ ನೋಡಿಕೋ ಎಂದರು.

ಚಿಕ್ಕಬಳ್ಳಾಪುರದ ರಮೇಶ್‌ಬಾಬು ಅಂಗಡಿಗೆ ಟೇಪು, ಫಿಲ್ಟರಿನೊಳಗೆ ಕೂರುವ ಉದ್ದನೆಯ ಒಂದು ಕ್ಯಾಂಡಲ್, ಒಂದು ಪಂಪು ಹಿಡಿದುಕೊಂಡೇ ಹೋದೆ. ಇಪ್ಪತ್ತೆರಡು ಲೀಟರಿನ ಬಾಕ್ಸಿನಲ್ಲಿ ಕ್ಯಾಂಡಲ್ ಓರೆಯಾಗಿ ಮಲಗಬೇಕಿತ್ತು. ಮೂವತ್ತಾರರಲ್ಲಿ ನೆಟ್ಟಗೆ ನಿಂತಿತು. ಪಕ್ಕದಲ್ಲಿ ಪಂಪು, ಮೇಲೆ ನನ್ನ ಊಟದ ಡಬ್ಬಿಗೂ ಜಾಗ.

"ದೊಡ್ಡದು ಹಾಕಿದ್ರೆ ಎಡಗಡೆ ಸೀರೆ ಗಾರ್ಡು, ಲೇಡೀಸ್ ಫುಟ್‌ರೆಸ್ಟು ಎರಡೂ ತೆಗೀಬೇಕಾಗ್ತದಣ್ಣ. ಹಿಂದೆ ಯಾರ್ ಕೂರ್ತಾರೆ?" ಎಂದು ರಮೇಶ್‌ಬಾಬು ಕೇಳಿದ.

"ಹೆಂಡ್ತಿ. ಎರಡೂ ಕಡೆ ಕಾಲ್ ಹಾಕಿ ಕೂರ್ತಾಳೆ. ತೆಗಿ ತೆಗಿ," ಎಂದೆ.

ಹಾಗೆಂದ ನನ್ನ ಬಾಯಿಗೆ ಮಣ್ಣು ಹಾಕಬೇಕು. ಪ್ರತಿ ಗುರುವಾರ ಅದೇ ಸೀಟಿನಲ್ಲಿ, ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕೂರುವ ಅಮ್ಮ ನನಗೆ ಆಗ ನೆನಪಾಗಲೇ ಇಲ್ಲ.

ಅಮ್ಮ ಗಂಗುಲಮ್ಮ. ಅವಳ ತಂಗಿ, ನನ್ನ ಚಿಕ್ಕಮ್ಮ ಆಂಜಿನಮ್ಮ, ಇರುವುದು ಕೆಂಚಾರ್ಲಹಳ್ಳಿಯಲ್ಲಿ. ಎರಡು ವರ್ಷದಿಂದ ಚಿಕ್ಕಮ್ಮನಿಗೆ ನೆನಪು ಜಾರುತ್ತಿದೆ. ಹೆತ್ತ ಮಗನನ್ನೇ ಲೈನ್‌ಮನ್ ಎನ್ನುತ್ತಾಳೆ. ಸೊಸೆ ಲಾವಣ್ಯ ತುತ್ತು ಹಿಡಿದರೆ ಬಾಯಿ ಬಿಗಿಯುತ್ತಾಳೆ. ಅಮ್ಮನನ್ನು ಮಾತ್ರ ಬಾಗಿಲಲ್ಲಿ ಕಂಡಕೂಡಲೇ "ಅಕ್ಕಾ" ಎಂದು ಕೈ ಚಾಚುತ್ತಾಳೆ, ಅವಳ ಕೈಯಿಂದ ಒಂದು ಇಡೀ ಮುದ್ದೆ ತಿನ್ನುತ್ತಾಳೆ. ವಾರಕ್ಕೆ ಅದೊಂದೇ ಹೊಟ್ಟೆ ತುಂಬುವ ಊಟ.

ಬಾಕ್ಸು ಹಾಕಿಸಿದ ಮೊದಲ ಗುರುವಾರ ಅಮ್ಮ ಎಂದಿನಂತೆ ಚೀಲ ಹಿಡಿದು ಬೈಕಿನ ಎಡಕ್ಕೆ ಬಂದು ನಿಂತಳು. ಸೀಟಿನ ಮೇಲೆ ಕೈಯೂರಿ ಕಾಲೆತ್ತಿದಳು. ಕಾಲಿಗೆ ಬಾಕ್ಸು ತಾಗಿತು.

"ಎಲ್ಲಿಗ್ ಕಾಲಿಡ್ಲಪ್ಪ?" ಎಂದು ಕೇಳಿದಳು.

ಬಸ್ಸಿನ ಮೆಟ್ಟಿಲು ಹತ್ತುವ ಮಂಡಿ ಅವಳದಲ್ಲ. ಅಷ್ಟು ದೂರಕ್ಕೆ ಆಟೋದವರು ಕೇಳುವ ಬಾಡಿಗೆ ನನಗೆ ಎಟುಕುವುದಲ್ಲ. ಆ ವಾರ ಹೋಗಲಾಗಲಿಲ್ಲ. ಮಾರನೇ ದಿನವೇ ರಮೇಶ್‌ಬಾಬು ಹತ್ತಿರ ಓಡಿದೆ. ಫುಟ್‌ರೆಸ್ಟ್ ಕೂರುವ ಜಾಗಕ್ಕೇ ಬಾಕ್ಸಿನ ಫ್ರೇಮು ಕೂತಿದೆ, ಚಿಕ್ಕದಾಗಿದ್ದರೆ ಹಿಂದಕ್ಕೆ ಸರಿಯುತ್ತಿತ್ತು, ಕಂಪನಿಯವರು ಒಂದು ಮಾತು ಹೇಳಿದರೆ ಬದಲಾಯಿಸಿ ಕೊಡುತ್ತೇನೆ ಎಂದ. ಕಂಪನಿಯವರಿಗೆ ಫೋನು ಮಾಡಿದೆ. "ಸೈಜು ನೀವೇ ಸೆಲೆಕ್ಟ್ ಮಾಡಿದ್ದಲ್ವಾ? ಮುಂದಿನ ವರ್ಷ ನೋಡಣ," ಎಂದರು. ಬಾಕ್ಸಿಲ್ಲದೆ ಡ್ಯೂಟಿಗೆ ಬರಬೇಡಿ ಎಂದೂ ಸೇರಿಸಿದರು. ಯಾರನ್ನು ಬೈಯುವುದು? ನಾನೇ ಅಳೆದು ತಂದದ್ದು.

ಮಂಗಳವಾರ ಲಾವಣ್ಯ ಫೋನು ಮಾಡಿದಳು. "ಭಾವ, ಅತ್ತೆ ಎರಡು ಲೋಟ ಹಾಲ್ ಬಿಟ್ರೆ ಏನೂ ಮುಟ್ಟಿಲ್ಲ. ದೊಡ್ಡತ್ತೇನ ಹೆಂಗಾದ್ರೂ ಕರ್ಕೊಂಡ್ ಬನ್ನಿ."

ನನ್ನ ಹೆಂಡತಿ ತನುಜಳೇ ಉಪಾಯ ಹೇಳಿದಳು. "ಅತ್ತೆ, ನನ್ ಚೂಡಿದಾರ್ ಹಾಕ್ಕಳಿ. ಜಗಲಿಯಿಂದ ಸೀಟಿಗೆ ಕಾಲ್ ದಾಟಿಸ್ತೀವಿ."

ಅಮ್ಮ ಅರವತ್ಮೂರು ವರ್ಷದಲ್ಲಿ ಸೀರೆ ಬಿಟ್ಟು ಬೀದಿಗೆ ಬಂದವಳಲ್ಲ. ಗುರುವಾರ ಬೆಳಿಗ್ಗೆ ತನುಜಳ ನೀಲಿ ಚೂಡಿದಾರಿನಲ್ಲಿ, ವೇಲನ್ನು ಸೆರಗಿನಂತೆ ಹೊದ್ದು, ತಲೆ ತಗ್ಗಿಸಿ ಹೊರಬಂದಳು. ನಾವಿಬ್ಬರೂ ಎತ್ತಿ ಕೂರಿಸಿದೆವು. ದೊಡ್ಡ ಬಾಕ್ಸುಗಳ ಮೇಲೆ ಕಾಲು ಅಗಲವಾಗಿ ಚಾಚಿಕೊಂಡು ಕೂರಬೇಕು. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ನನ್ನ ಭುಜವನ್ನು ಹಿಂಡಿದಳು. ನಿಲ್ಲಿಸಲಾ ಎಂದರೆ, "ನಡಿಯಪ್ಪ, ಅವ್ಳು ಹಸ್ಕೊಂಡಿರ್ತಾಳೆ," ಎಂದಳು.

ಚಿಕ್ಕಮ್ಮ ಮಂಚದ ಮೇಲೆ ಕೂತಿದ್ದಳು. ಒಂದು ವಾರ ತಪ್ಪಿದ್ದಕ್ಕೇ ಕೆನ್ನೆ ಒಳಗೆ ಹೋಗಿತ್ತು. ಅಮ್ಮ ಕುಂಟುತ್ತಾ ಹತ್ತಿರ ಹೋಗಿ ಮುದ್ದೆ ಮುರಿದು ಸಾರಿಗೆ ಅದ್ದಿದಳು. ಚಿಕ್ಕಮ್ಮ ಅವಳ ಮುಖ ನೋಡಲಿಲ್ಲ, ಬಟ್ಟೆ ನೋಡಿದಳು. "ಎವರಮ್ಮಾ ಮೀರು?" ಎಂದಳು. ಯಾರಮ್ಮಾ ನೀವು ಎಂದು, ಒಡಹುಟ್ಟಿದ ಅಕ್ಕನನ್ನು.

"ನಾನು ಕಣೇ, ಗಂಗು," ಎಂದು ಅಮ್ಮ ಎಷ್ಟು ಹೇಳಿದರೂ ಬಾಯಿ ತೆರೆಯಲಿಲ್ಲ. ಎರಡೆರಡು ದೊಡ್ಡ ಬಾಕ್ಸಿದ್ದೂ ಅಮ್ಮನದೊಂದು ಸೀರೆ ಮಡಿಚಿಟ್ಟುಕೊಳ್ಳುವ ಬುದ್ಧಿ ನಮ್ಮ ಮೂವರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಲಾವಣ್ಯ ಕೈಗೆ ಸಿಕ್ಕಿದ ಸೀರೆ ಕೊಟ್ಟಳು. ಅಮ್ಮ ಒಳಗೆ ಹೋಗಿ ಉಟ್ಟುಕೊಂಡು, ನಗುತ್ತಾ ಬಂದು ಮತ್ತೆ ತುತ್ತು ಹಿಡಿದಳು. ಉಟ್ಟದ್ದು ಚಿಕ್ಕಮ್ಮನದೇ ಹಸಿರು ಸೀರೆ.

"ನನ್ ಸೀರೆ!" ಎಂದು ಚಿಕ್ಕಮ್ಮ ಕಿರುಚಿದಳು. "ಲಾವಣ್ಯ, ಕಳ್ಳಿ ಬಂದವ್ಳೆ ಕಣೇ, ನನ್ ಸೀರೆ ಕದ್ದವ್ಳೆ!" ಗೋಡೆಗೆ ಒತ್ತಿಕೊಂಡು ಗಡಗಡ ನಡುಗಿದಳು. ಲಾವಣ್ಯ ಬಳಿಗೆ ಹೋದರೆ ಅವಳನ್ನೂ ದೂಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಫಿಲ್ಟರ್ ಕೆಟ್ಟರೆ ಸರಿ ಮಾಡಬಲ್ಲೆ. ಇದಕ್ಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅಮ್ಮ ತುತ್ತನ್ನು ತಟ್ಟೆಗೆ ಹಾಕಿದಳು. ಒಳಗೆ ಹೋಗಿ ಸೀರೆ ಬಿಚ್ಚಿ, ಮತ್ತೆ ಚೂಡಿದಾರ್ ಹಾಕಿಕೊಂಡು, ಸೀರೆಯನ್ನು ಮಡಿಚಿ, ಚಿಕ್ಕಮ್ಮನಿಗೆ ಎಟುಕುವಂತೆ ಮಂಚದ ತುದಿಯಲ್ಲಿಟ್ಟು ಹೊರಗೆ ಬಂದಳು.

"ಮುಂದಿನ್ ವಾರ ನೀನೊಬ್ನೇ ಬಾರಪ್ಪ," ಎಂದಳು. "ನನ್ ನೋಡಿದ್ರೆ ಹೆದರ್ಕೊಂತಾಳೆ."